ಮೊದಲ ಕವನ ಸಂಕಲನದ ಹಸ್ತಪ್ರತಿಯನ್ನು ಸ್ಪರ್ಧೆಗೆ ಕಳಿಸಬೇಕೆಂದಿದ್ದೇನೆ: ತಿಳಿದವರು ಹೇಳಿ

ಹಿನ್ನೀರ ದಂಡೆ (ನವನಗರ, ಬಾಗಲಕೋಟೆ)

ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು. ಹದಿನಾಲ್ಕು ವರ್ಷಗಳಲ್ಲಿ ಬರೆದದ್ದರಲ್ಲಿ 62 ಕವಿತೆಗಳನ್ನು ಆರಿಸಿ ಟೈಪು ಮಾಡಿಸಿಟ್ಟುಕೊಂಡಿದ್ದೇನೆ. ಹೆಚ್ಚಿನವು ಆಲಮಟ್ಟಿಯ ಹಿನ್ನೀರಿಗೆ ಬಿಟ್ಟುಕೊಟ್ಟ ಹಳೆಯ ಬಾಗಲಕೋಟೆಯ ಓಣಿಗಳಿಗೂ, ಸೆಕ್ಟರ್ ನಂಬರು ಹಿಡಿದುಕೊಂಡು ಬಂದು ನವನಗರದಲ್ಲಿ ಮತ್ತೆ ಒಲೆ ಹೂಡಿದ ನಮ್ಮಂಥವರ ಬದುಕಿಗೂ ಸೇರಿದವು. ಕೊನೆಯಲ್ಲಿ ಒಂಬತ್ತು ಗಜಲ್‌ಗಳಿವೆ.

ಪ್ರಕಾಶನ ಸಂಸ್ಥೆಯೊಂದು ಕವನ ಸಂಕಲನಗಳ ಹಸ್ತಪ್ರತಿ ಸ್ಪರ್ಧೆಯನ್ನು ಕರೆದಿದೆ. ಗೆದ್ದ ಹಸ್ತಪ್ರತಿಯನ್ನು ಅವರೇ ಪುಸ್ತಕವಾಗಿ ತರುತ್ತಾರೆ, ಕವಿಗೆ 25 ಗೌರವ ಪ್ರತಿಗಳನ್ನು ಕೊಡುತ್ತಾರೆ. ಕವಿತೆಗಳು ಅಪ್ರಕಟಿತವಾಗಿರಬೇಕು, ಅಚ್ಚಿನಲ್ಲಿ 80 ಪುಟ ಮೀರಬಾರದು, ಹಸ್ತಪ್ರತಿಯ ಒಳಗೆ ಎಲ್ಲಿಯೂ ಕವಿಯ ಹೆಸರು ಇರಕೂಡದು, ಮೂರು ಮುದ್ರಿತ ಪ್ರತಿಗಳ ಜೊತೆ 300 ರೂಪಾಯಿ ಪ್ರವೇಶ ಶುಲ್ಕ ಕಳಿಸಬೇಕು ಎಂಬುವು ನಿಯಮಗಳು. ಪ್ರವೇಶ ಪತ್ರದ ಕೊನೆಯಲ್ಲಿ, ಸಹಿಯ ಮೇಲುಗಡೆ, ‘ಆಯ್ಕೆಯಾದ ಕೃತಿಯ ಸಂಪೂರ್ಣ ಹಕ್ಕು ಪ್ರಕಾಶಕರದು’ ಎಂಬ ಒಂದು ಸಾಲೂ ಇದೆ.

ನನ್ನ ಹದಿನೇಳು ಕವಿತೆಗಳು ಬಿಡಿಬಿಡಿಯಾಗಿ ವಾರಪತ್ರಿಕೆ, ಸಾಪ್ತಾಹಿಕ ಪುರವಣಿಗಳಲ್ಲಿ ಬಂದಿವೆ. ಅವು ಈಗ ಪ್ರಕಟಿತವೋ ಅಪ್ರಕಟಿತವೋ? ಕವಿತೆಗಳನ್ನು ಬರೆದ ಕಾಲಾನುಕ್ರಮದಲ್ಲಿ ಇಟ್ಟಿದ್ದೇನೆ, ಅದು ಸರಿಯೇ? ಆ ಕೊನೆಯ ಸಾಲಿಗೆ ಸಹಿ ಮಾಡಬಹುದೇ?

ಗೋಳಗುಮ್ಮಟದ ನೆರಳು (ವಿಜಯಪುರ)

ಮೇಡಂ, ನಾನು ಕಾಲೇಜು ಅಧ್ಯಾಪಕನಾಗಿ ನಿವೃತ್ತನಾದವನು. ಇಂಥ ಸ್ಪರ್ಧೆಗಳಿಗೆ ಮೂರು ಸಲ ತೀರ್ಪುಗಾರನಾಗಿದ್ದೇನೆ. ಆ ಕಡೆಯಿಂದ ಕಂಡದ್ದನ್ನು ಹೇಳುತ್ತೇನೆ.

ಒಮ್ಮೆ 41 ಹಸ್ತಪ್ರತಿಗಳು ಎರಡು ಗೋಣಿಚೀಲದಲ್ಲಿ ಮನೆಗೆ ಬಂದವು. ಓದಲು ಕೊಟ್ಟ ಸಮಯ ಇಪ್ಪತ್ತು ದಿನ. ದಿನಕ್ಕೆ ಎರಡು ಸಂಕಲನ ಓದುವ ಮನುಷ್ಯ ಕವಿತೆಯನ್ನು ಹೇಗೆ ಓದುತ್ತಾನೆ ಎಂಬುದನ್ನು ನೀವೇ ಊಹಿಸಿಕೊಳ್ಳಿ. ಮೊದಲ ಐದಾರು ಕವಿತೆಗಳಲ್ಲಿ ಒಂದು ದನಿ ಕೇಳಿಸಿದರೆ ಆ ಪ್ರತಿಯನ್ನು ಬಲಗಡೆ ಇಡುತ್ತಿದ್ದೆ, ಇಲ್ಲವಾದರೆ ಎಡಗಡೆ. ಎಡಗಡೆಯವನ್ನೂ ಪೂರ್ತಿ ಓದಿದೆನಾದರೂ ಆ ಓದಿನಲ್ಲಿ ಉತ್ಸಾಹವಿರಲಿಲ್ಲವೆಂದು ಒಪ್ಪಿಕೊಳ್ಳಲೇಬೇಕು. ನೀವು ಕಾಲಾನುಕ್ರಮದಲ್ಲಿ ಇಟ್ಟಿದ್ದರೆ ಹದಿನಾಲ್ಕು ವರ್ಷ ಹಿಂದಿನ, ಕೈ ಇನ್ನೂ ಪಳಗದಿದ್ದಾಗಿನ ಕವಿತೆಗಳೇ ಮೊದಲು ಎದುರಾಗುತ್ತವೆ. ತೀರ್ಪುಗಾರನಿಗೆ ನಿಮ್ಮ ಬೆಳವಣಿಗೆಯ ಚರಿತ್ರೆ ಬೇಕಾಗಿಲ್ಲ. ಮುಳುಗಡೆಯ ಕವಿತೆಗಳೇ ನಿಮ್ಮ ಬಲವೆಂದಾದರೆ ಅವುಗಳಲ್ಲಿ ಗಟ್ಟಿಯಾದ ಒಂದರಿಂದಲೇ ಶುರುಮಾಡಿ. ಆದರೆ ಮುಳುಗಡೆಯ ಮೂವತ್ತೂ ಕವಿತೆಗಳು ಒಂದೇ ಸಮನೆ ಅಳುತ್ತಾ ಹೋದರೆ ಹತ್ತನೆಯದಕ್ಕೇ ಓದುಗನ ಕಣ್ಣು ಒಣಗುತ್ತದೆ. ನಡುವೆ ಒಂದು ತಮಾಷೆ, ಒಂದು ಸಿಟ್ಟು, ಬಾಗಲಕೋಟೆಯ ಹೋಳಿಯ ಒಂದು ಹಲಗೆಯ ಸದ್ದು ಬರಲಿ.

ಇನ್ನು ಹೆಸರಿನ ವಿಷಯ. ಒಂಬತ್ತು ಗಜಲ್‌ಗಳಿವೆ ಎಂದಿರಿ. ಅವುಗಳ ಮಕ್ತಾದಲ್ಲಿ, ಅಂದರೆ ಕೊನೆಯ ದ್ವಿಪದಿಯಲ್ಲಿ, ನಿಮ್ಮ ಕಾವ್ಯನಾಮ ಇದ್ದೇ ಇರುತ್ತದಲ್ಲವೇ? ರಕ್ಷಾಪುಟದಲ್ಲಿ ಹೆಸರು ಅಳಿಸಿ ಒಳಗೆ ಒಂಬತ್ತು ಕಡೆ ಹೆಸರು ಹೇಳಿದ ಹಾಗಾಯಿತು. ನಮ್ಮ ಭಾಗದಿಂದ ಬರುವ ಹಸ್ತಪ್ರತಿಗಳಲ್ಲಿ ಗಜಲ್ ಹೆಚ್ಚು, ಆಧುನಿಕ ವಚನಗಳೂ ಹೆಚ್ಚು. ಎರಡರಲ್ಲೂ ಅಂಕಿತವೇ ಗುಟ್ಟು ಬಿಟ್ಟುಕೊಡುತ್ತದೆ. ಈ ಕಾರಣಕ್ಕೇ ಒಂದು ಒಳ್ಳೆಯ ಹಸ್ತಪ್ರತಿಯನ್ನು ಸಂಚಾಲಕರು ಬದಿಗಿಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ‘ನನ್ನ ತಾಯಿ ಇಂಥವರಿಗೆ’ ಎಂಬ ಅರ್ಪಣೆಯನ್ನೂ, ಹೆಸರಾಂತರು ಬರೆದ ಮುನ್ನುಡಿ, ಬೆನ್ನುಡಿಗಳನ್ನೂ ಈಗ ಸೇರಿಸಬೇಡಿ. ಅವೆಲ್ಲ ಗೆದ್ದ ಮೇಲಿನ ಮಾತು.

ಡೋಣಿ ಸಾಲು (ವಿಜಯಪುರ)

ನನ್ನದೂ ಇದೇ ಗೊಂದಲ. ಮೇಡಂ ಅವರದು ಪತ್ರಿಕೆಯಲ್ಲಿ ಬಂದಿವೆ. ನನ್ನವು ಅಷ್ಟೂ ಫೇಸ್‌ಬುಕ್ ಗೋಡೆಯ ಮೇಲಿವೆ. ಅದನ್ನು ಪ್ರಕಟಣೆ ಎನ್ನಬಹುದೇ? ನಾಲ್ಕು ಜನ ಲೈಕ್ ಒತ್ತಿದ್ದಕ್ಕೆ ಕವಿತೆ ಮೈಲಿಗೆಯಾಯಿತೆಂದರೆ ಅನ್ಯಾಯವೆನಿಸುತ್ತದೆ.

ಗೋಳಗುಮ್ಮಟದ ನೆರಳು (ವಿಜಯಪುರ)

ರೂಢಿಯಲ್ಲಿ ಎರಡು ಅರ್ಥಗಳಿವೆ. ಕೆಲವರು ‘ಅಪ್ರಕಟಿತ ಸಂಕಲನ’ ಎನ್ನುತ್ತಾರೆ; ಅಲ್ಲಿ ಬಿಡಿ ಕವಿತೆಗಳು ಪತ್ರಿಕೆಯಲ್ಲಿ ಬಂದಿದ್ದರೂ ಅಡ್ಡಿಯಿಲ್ಲ, ಪುಸ್ತಕವಾಗಿ ಬಂದಿರಬಾರದು ಅಷ್ಟೆ. ಇನ್ನು ಕೆಲವರು ‘ಅಪ್ರಕಟಿತ ಕವಿತೆಗಳು’ ಎಂದೇ ಬರೆಯುತ್ತಾರೆ. ಅವರು ಪತ್ರಿಕೆಯನ್ನೂ ಜಾಲತಾಣವನ್ನೂ ಲೆಕ್ಕಕ್ಕೆ ಹಿಡಿಯಬಹುದು. ಮೇಡಂ ಹೇಳಿದ ಪ್ರಕಟಣೆಯಲ್ಲಿರುವುದು ಎರಡನೆಯ ಮಾತು. ಸಂಚಾಲಕರಿಗೆ ಎರಡು ಸಾಲು ಮಿಂಚಂಚೆ ಬರೆದು ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಫೋನಿನಲ್ಲಿ ಕೇಳಿದರೆ ‘ನಡೀತದ ಕಳಸ್ರೀ’ ಎನ್ನುತ್ತಾರೆ, ಆಮೇಲೆ ತಕರಾರು ಬಂದಾಗ ಆ ಮಾತು ಯಾರಿಗೂ ನೆನಪಿರುವುದಿಲ್ಲ.

ಹಳೆಯ ಮೊಳೆ (ಖಡೇಬಜಾರ್, ಬೆಳಗಾವಿ)

ಕಂಪೋಜಿಂಗ್ ಸ್ಟಿಕ್ಕಿನಲ್ಲಿ ಮೊಳೆ ಜೋಡಿಸುವಾಗಿನಿಂದ ಹಿಡಿದು ಇಂದಿನ ಡಿಟಿಪಿಯವರೆಗೆ ಅಚ್ಚಿನ ಕೆಲಸದಲ್ಲೇ ಇದ್ದೇನೆ. ತೀರ್ಪುಗಾರರು ಕವಿತೆಯ ಬಗ್ಗೆ ಹೇಳಿದರು, ನಾನು ಕಾಗದದ ಬಗ್ಗೆ ಹೇಳುತ್ತೇನೆ.

ಕವಿಗಳು ಟೈಪು ಮಾಡಿಸುವುದು ಎ4 ಹಾಳೆಯಲ್ಲಿ. ಅಂಚು ಕಳೆದರೆ ಅಲ್ಲಿ ಆರು ಇಂಚಿನಷ್ಟು ಅಗಲ ಸಿಗುತ್ತದೆ. ಪುಸ್ತಕ ಬರುವುದು ಡೆಮಿ 1/8 ಅಳತೆಯಲ್ಲಿ, ಅಲ್ಲಿ ಅಕ್ಷರಕ್ಕೆ ಸಿಗುವುದು ನಾಲ್ಕು ಇಂಚು. ನಿಮ್ಮ ಉದ್ದ ಸಾಲುಗಳು ಮುರಿದು, ಉಳಿದ ಒಂದು ಪದ ಕೆಳಗೆ ಬಂದು ಅನಾಥವಾಗಿ ಕೂರುತ್ತದೆ. ಗಜಲ್‌ನಲ್ಲಿ ಇದು ಇನ್ನೂ ಘಾತಕ, ಏಕೆಂದರೆ ಕೆಳಗೆ ಬೀಳುವುದು ಹೆಚ್ಚಾಗಿ ರದೀಫೇ, ಅಂದರೆ ದ್ವಿಪದಿಗಳ ಕೊನೆಯಲ್ಲಿ ಮರುಕಳಿಸುವ ಪದವೇ. ಆದ್ದರಿಂದ ಕಂಪ್ಯೂಟರಿನಲ್ಲಿ ಪುಟದ ಅಳತೆಯನ್ನೇ 5.5 ಇಂಚು ಅಗಲ, 8.5 ಇಂಚು ಉದ್ದಕ್ಕೆ ಬದಲಿಸಿ ಒಮ್ಮೆ ನೋಡಿ. ಯಾವ ಸಾಲು ಎಲ್ಲಿ ಮುರಿಯಬೇಕೆಂದು ನೀವೇ ನಿರ್ಧರಿಸಿ. ಡಿಟಿಪಿಯ ಹುಡುಗನಿಗೆ ಬಿಡಬೇಡಿ.

ಪುಟದ ಲೆಕ್ಕವನ್ನೂ ಮಾಡೋಣ. ಪುಸ್ತಕ ಅಚ್ಚಾಗುವುದು 16 ಪುಟದ ಫಾರಂ ಲೆಕ್ಕದಲ್ಲಿ. 80 ಪುಟವೆಂದರೆ ಐದು ಫಾರಂ. ಶೀರ್ಷಿಕೆ ಪುಟ, ಹಕ್ಕಿನ ಪುಟ, ಅರ್ಪಣೆ, ಮುನ್ನುಡಿ, ಕವಿಯ ಮಾತು, ಪರಿವಿಡಿ ಎಲ್ಲ ಸೇರಿ ಹದಿನಾಲ್ಕು ಪುಟ ತಿನ್ನುತ್ತವೆ. ಉಳಿದದ್ದು 66. ಪ್ರತಿ ಕವಿತೆ ಹೊಸ ಪುಟದಲ್ಲಿ ಶುರುವಾಗಬೇಕು, ಕೆಲವಕ್ಕೆ ಎರಡು ಪುಟ ಬೇಕು. 62 ಕವಿತೆಗಳು ಅಲ್ಲಿ ಹಿಡಿಸುವುದು ಕಷ್ಟ. ನಲವತ್ತೈದರಿಂದ ಐವತ್ತು ಎಂದಿಟ್ಟುಕೊಳ್ಳಿ. ತುರುಕಿದ ಸಂಕಲನ ನೋಡಿದರೆ ನನಗೆ ಸಂಕೇಶ್ವರದ ಬಸ್ಸು ನೆನಪಾಗುತ್ತದೆ.

ಫಾಂಟಿನ ಮಾತು ಕೊನೆಯದಾದರೂ ಚಿಕ್ಕದಲ್ಲ. ಟೈಪು ಮಾಡಿದವರು ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಮಾಡಿದ್ದರೆ, ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದಾಗ ಕವಿತೆಯ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಯುನಿಕೋಡ್‌ಗೆ ಪರಿವರ್ತಿಸಿದರೂ ಕಣ್ಣಿಟ್ಟು ಓದಲೇಬೇಕು. ಅರ್ಕಾವತ್ತುಗಳು ಸ್ಥಳ ಬಿಡುತ್ತವೆ, ‘ಬಾಗಲ್‌ಕೋಟ’ ಎಂದು ಬಿಡಿಸಿ ಬರೆದದ್ದು ‘ಬಾಗಲ್ಕೋಟ’ ಎಂದು ಕೂಡಿಕೊಳ್ಳುತ್ತದೆ. ಮಿಂಚಂಚೆಯಲ್ಲಿ ಪಿಡಿಎಫ್ ಕಳಿಸುವವರು ಕಡತದ ಗುಣವಿವರದಲ್ಲಿ ‘ಲೇಖಕ’ ಎಂಬ ಕಡೆ ನಿಮ್ಮ ಹೆಸರು ತಾನಾಗಿಯೇ ಕೂತಿದೆಯೇ ಎಂದೂ ನೋಡಿಕೊಳ್ಳಿ.

ಹಿನ್ನೀರ ದಂಡೆ (ನವನಗರ, ಬಾಗಲಕೋಟೆ)

ಸರ್, ನೀವು ಹೇಳಿದ ಅಳತೆಯಲ್ಲಿ ನಿನ್ನೆ ರಾತ್ರಿ ಪುಟಗಳನ್ನು ಬದಲಿಸಿ ನೋಡಿದೆ. ‘ಕಿಲ್ಲಾದ ಓಣಿ’ ಎಂಬ ಕವಿತೆಯಲ್ಲಿ ಹನ್ನೊಂದು ಸಾಲುಗಳು ಮುರಿದವು. ನಾನು ಅವನ್ನು ಉಸಿರಿನ ಲೆಕ್ಕಕ್ಕೆ ಬರೆದಿದ್ದೆನೆಂದು ಇಷ್ಟು ದಿನ ತಿಳಿದಿದ್ದೆ. ಮುರಿದ ಮೇಲೆ ಓದಿದರೆ ನಾಲ್ಕು ಸಾಲುಗಳಲ್ಲಿ ವಿಶೇಷಣಗಳೇ ತುಂಬಿಕೊಂಡಿದ್ದವೆಂದು ಗೊತ್ತಾಯಿತು. ‘ಹಳೆಯ ಜೀರ್ಣ ಮೌನದ ಬಾಗಿಲು’ ಎಂದಿದ್ದೆ. ಈಗ ‘ಬಾಗಿಲು’ ಎಂದಷ್ಟೇ ಇದೆ.

ಮಗ್ಗದ ಮನೆ (ಬನಹಟ್ಟಿ)

ಅಕ್ಕಾವರೇ, ಸಹಿಯ ವಿಷಯದಲ್ಲಿ ನನ್ನ ಅನುಭವವನ್ನು ಕೇಳಿ. ಆರು ವರ್ಷದ ಹಿಂದೆ ಇಂಥದೇ ಒಂದು ಸ್ಪರ್ಧೆಯಲ್ಲಿ ನನ್ನ ಹಸ್ತಪ್ರತಿ ಆಯ್ಕೆಯಾಯಿತು. ಸಂಸ್ಥೆಯ ಹೆಸರು ಬೇಡ. ಓಣಿಯಲ್ಲೆಲ್ಲ ಪೇಡೆ ಹಂಚಿದೆ. ಹದಿನೈದು ದಿನಕ್ಕೆ ಪತ್ರ ಬಂತು: ಕವಿಗಳು ಅರ್ಧ ಬೆಲೆಯಲ್ಲಿ 200 ಪ್ರತಿಗಳನ್ನು ಮುಂಗಡ ಹಣ ಕೊಟ್ಟು ಕೊಳ್ಳಬೇಕು, ಐಎಸ್‌ಬಿಎನ್ ಎಂಬ ಪುಸ್ತಕದ ಗುರುತಿನ ಸಂಖ್ಯೆಗೆ ಬೇರೆ ಹಣ ಕಟ್ಟಬೇಕು ಎಂದು ಅದರಲ್ಲಿತ್ತು. ಬಿಡುಗಡೆಯ ದಿನಾಂಕ ನಾಲ್ಕು ಜನರಿಗೆ ಹೇಳಿಯಾಗಿತ್ತು, ಮರ್ಯಾದೆಯ ಪ್ರಶ್ನೆ. ಮಗ್ಗದ ಸಾಲ ತೀರಿಸಲೆಂದು ಎತ್ತಿಟ್ಟ ದುಡ್ಡನ್ನು ಅದಕ್ಕೆ ಕೊಟ್ಟೆ. ಪುಸ್ತಕ ಬಂತು. ಪರಿವಿಡಿಯಲ್ಲಿ 37ನೇ ಪುಟ ಎಂದಿದ್ದ ಕವಿತೆ 41ರಲ್ಲಿತ್ತು. ನನ್ನ ಕವಿತೆಗಳಲ್ಲಿದ್ದ ‘ಐತಿ’ಗಳನ್ನೆಲ್ಲ ಯಾರೋ ಪುಣ್ಯಾತ್ಮರು ‘ಇದೆ’ ಎಂದು ತಿದ್ದಿದ್ದರು. ನೂರಾ ಹತ್ತು ಪ್ರತಿಗಳು ಇಂದಿಗೂ ಅಟ್ಟದ ಮೇಲೆ ನೂಲಿನ ಉಂಡೆಗಳ ಪಕ್ಕದಲ್ಲಿ ಕೂತಿವೆ.

ಗೆದ್ದವರು ಪ್ರತಿಗಳನ್ನು ಕೊಳ್ಳಬೇಕೇ, ಕರಡು ತಿದ್ದಲು ಕವಿಗೆ ಕೊಡುತ್ತಾರೆಯೇ, ಯಾವ ತಿಂಗಳೊಳಗೆ ಪುಸ್ತಕ ಬರುತ್ತದೆ ಎಂಬ ಮೂರನ್ನು ಮೊದಲೇ ಬರಹದಲ್ಲಿ ಕೇಳಿ. ನಾನು ಕೇಳಿರಲಿಲ್ಲ.

ಹಳೆಯ ಮೊಳೆ (ಖಡೇಬಜಾರ್, ಬೆಳಗಾವಿ)

ಐಎಸ್‌ಬಿಎನ್‌ಗೆ ಹಣ ತೆಗೆದುಕೊಂಡದ್ದು ತಪ್ಪು. ನಮ್ಮ ದೇಶದಲ್ಲಿ ಆ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಶಿಕ್ಷಣ ಸಚಿವಾಲಯದಡಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿ ಉಚಿತವಾಗಿಯೇ ಕೊಡುತ್ತದೆ. ಲೇಖಕ ತಾನೇ ಪ್ರಕಾಶಕನಾದರೂ ಅರ್ಜಿ ಹಾಕಬಹುದು.

ಕರಿ ಕೋಟು (ಬೆಳಗಾವಿ)

ವೃತ್ತಿಯಿಂದ ವಕೀಲ, ಆಗಾಗ ಪದ್ಯ ಬರೆಯುವ ಚಟವಿದೆ. ಆ ಕೊನೆಯ ಸಾಲಿನ ಬಗ್ಗೆ ಹೇಳಬೇಕಾದದ್ದು ಸ್ವಲ್ಪ ಉದ್ದವಿದೆ, ಸಹಿಸಿಕೊಳ್ಳಿ.

ಕವಿತೆ ಬರೆದ ಕ್ಷಣದಿಂದಲೇ ಅದರ ಕೃತಿಸ್ವಾಮ್ಯ ಬರೆದವರದು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಅದಕ್ಕೆ ನೋಂದಣಿಯ ಅಗತ್ಯವಿಲ್ಲ, ಬರೆದವರು ಬದುಕಿರುವವರೆಗೆ ಮತ್ತು ಆನಂತರ 60 ವರ್ಷ ಅದು ಉಳಿಯುತ್ತದೆ. ಅದನ್ನು ಬೇರೆಯವರಿಗೆ ವಹಿಸಿಕೊಡಬೇಕಾದರೆ ಲಿಖಿತವಾಗಿ, ಸಹಿಯೊಡನೆ ಆಗಬೇಕೆಂದು 19ನೇ ಕಲಮು ಹೇಳುತ್ತದೆ. ಇಲ್ಲಿಯೇ ತೊಡಕಿರುವುದು: ಪ್ರವೇಶ ಪತ್ರವೆಂದು ತಿಳಿದು ನೀವು ಹಾಕುವ ಸಹಿಯನ್ನೇ ನಾಳೆ ಹಕ್ಕು ವಹಿಸಿಕೊಟ್ಟ ಪತ್ರವೆಂದು ಅವರು ತೋರಿಸಬಹುದು. ಅವಧಿಯನ್ನು ಬರೆಯದಿದ್ದರೆ ಅಂಥ ವಹಿವಾಟು ಐದು ವರ್ಷಕ್ಕೆ ಸೀಮಿತವೆಂದೂ, ಪ್ರದೇಶವನ್ನು ಬರೆಯದಿದ್ದರೆ ಭಾರತಕ್ಕೆ ಸೀಮಿತವೆಂದೂ ಅದೇ ಕಲಮಿನಲ್ಲಿದೆ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದಲ್ಲಿ, ಆ ಹಕ್ಕು ಕವಿಗೇ ಮರಳುತ್ತದೆ. ಬನಹಟ್ಟಿಯ ಅಣ್ಣಾವರ ‘ಐತಿ’ಗೂ ಕಾನೂನಿನಲ್ಲಿ ಜಾಗವಿದೆ: ಹಕ್ಕನ್ನು ಕೊಟ್ಟ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ, ತನ್ನ ಮಾನಕ್ಕೆ ಕುಂದು ತರುವಂತೆ ಅದನ್ನು ವಿರೂಪಗೊಳಿಸದಂತೆ ತಡೆಯುವ ಹಕ್ಕು 57ನೇ ಕಲಮಿನಂತೆ ಕವಿಗೆ ಉಳಿದೇ ಇರುತ್ತದೆ. ಕೋರ್ಟಿಗೆ ಹೋಗಿ ಎಂದು ಹೇಳುತ್ತಿಲ್ಲ. ಪತ್ರ ಬರೆಯುವಾಗ ಈ ಮಾತು ಗೊತ್ತಿದ್ದರೆ ದನಿ ಬೇರೆಯಾಗುತ್ತದೆ.

‘ಸಂಪೂರ್ಣ ಹಕ್ಕು’ ಎಂಬುದರಲ್ಲಿ ಅನುವಾದ, ಆಡಿಯೊ, ಪಠ್ಯಪುಸ್ತಕ, ಮುಂದೆಂದಾದರೂ ನೀವು ತರಬಹುದಾದ ಸಮಗ್ರ ಸಂಕಲನ ಎಲ್ಲವೂ ಬಂದವು. ಅದರ ಬದಲು ‘ಮೊದಲ ಮುದ್ರಣದ ಹಕ್ಕು ಮಾತ್ರ’ ಎಂದು ಬರೆಯಬಹುದೇ ಎಂದು ಕೇಳಿ. ಕೇಳಿದರೆ ತಪ್ಪು ತಿಳಿಯುತ್ತಾರೆಂಬ ಸಂಕೋಚ ನಮ್ಮ ಕಡೆ ಬಹಳ. ಹೊಲದ ಪಹಣಿಯಾದರೆ ಮೂರು ಸಲ ಓದಿಸಿ ಕೇಳುತ್ತೇವಲ್ಲ!

ಡೋಣಿ ಸಾಲು (ವಿಜಯಪುರ)

ಇಷ್ಟೆಲ್ಲ ಕರಾರು ನೋಡಿ ಕೂತರೆ ಹೊಸಬರು ಪುಸ್ತಕ ತರುವುದು ಯಾವಾಗ? 300 ರೂಪಾಯಿ ಶುಲ್ಕವೂ ಸುಲಿಗೆಯೇ ಎಂದು ಒಬ್ಬರು ಇಲ್ಲಿ ಹಿಂದೊಮ್ಮೆ ಬರೆದಿದ್ದರು. ನನ್ನ ಮಟ್ಟಿಗೆ ಅದು ಎರಡು ಊಟದ ದುಡ್ಡು. ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರೆ ಸಾವಿರಗಳ ಮಾತು.

ಗೋಳಗುಮ್ಮಟದ ನೆರಳು (ವಿಜಯಪುರ)

ತಮ್ಮಾ, ಶುಲ್ಕ ಇದ್ದಮಾತ್ರಕ್ಕೆ ಮೋಸ, ಇಲ್ಲದ ಮಾತ್ರಕ್ಕೆ ಸಾಚಾ ಎಂದು ನಾನು ಹೇಳುವುದಿಲ್ಲ. ತೀರ್ಪುಗಾರರಿಗೆ ಗೌರವಧನ, ಅಂಚೆಯ ಖರ್ಚು ಇದ್ದೇ ಇರುತ್ತದೆ. ಆ ಸಂಸ್ಥೆ ಹಿಂದಿನ ವರ್ಷಗಳಲ್ಲಿ ಆರಿಸಿದ ಪುಸ್ತಕಗಳು ನಿಜವಾಗಿ ಅಂಗಡಿಯಲ್ಲಿ ಸಿಗುತ್ತವೆಯೇ ಎಂದು ಹುಡುಕಿ ನೋಡು, ಒಂದನ್ನು ಕೊಂಡು ಕಾಗದ, ಹೊಲಿಗೆ, ಕರಡು ತಿದ್ದಿದ ರೀತಿ ನೋಡು. ಇದಕ್ಕಿಂತ ಒಳ್ಳೆಯ ವಿಚಾರಣೆ ಇನ್ನೊಂದಿಲ್ಲ.

ಅವಸರ ಬೇಡವೆನ್ನಲು ಇನ್ನೊಂದು ಕಾರಣವಿದೆ, ಅದನ್ನು ಹೊಸಬರು ಲೆಕ್ಕಿಸುವುದೇ ಇಲ್ಲ. ‘ಮೊದಲ ಕೃತಿ’ ಎಂಬುದು ಒಬ್ಬರಿಗೆ ಒಂದೇ ಸಲ. ಕರ್ನಾಟಕ ಸಾಹಿತ್ಯ ಅಕಾಡೆಮಿಯಲ್ಲಿ ಲೇಖಕರ ಮೊದಲ ಸ್ವತಂತ್ರ ಕೃತಿಗೆಂದೇ ಚಿ. ಶ್ರೀನಿವಾಸರಾಜು ಅವರ ಹೆಸರಿನ ದತ್ತಿ ಬಹುಮಾನವಿದೆ. ಅರೆಬೆಂದ ಪುಸ್ತಕವೊಂದನ್ನು ಹೇಗೋ ಅಚ್ಚು ಹಾಕಿಸಿದರೆ ಆ ಬಾಗಿಲು ಮುಚ್ಚಿಹೋಯಿತು. ಹಸ್ತಪ್ರತಿಗೆ ಬೇರೆ ದಾರಿಗಳೂ ಇವೆ. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅದಕ್ಕೆ ವಯೋಮಿತಿಯಿರುವುದರಿಂದ ನಿನಗೆ ಒದಗಬಹುದು, ಮೇಡಂ ಅವರಿಗೆ ಒದಗಲಿಕ್ಕಿಲ್ಲ. ಕಾಂತಾವರ ಕನ್ನಡ ಸಂಘದ ಮುದ್ದಣ ಕಾವ್ಯ ಪ್ರಶಸ್ತಿ ಕವಿತೆಗಳ ಹಸ್ತಪ್ರತಿಗೇ ಮೀಸಲಾದದ್ದು. ಪ್ರತಿ ವರ್ಷದ ಪ್ರಕಟಣೆಯನ್ನು ಓದಿಕೊಂಡೇ ಕಳಿಸಬೇಕು, ಹಿಂದಿನ ವರ್ಷದ ನಿಯಮವನ್ನು ನಂಬಿಕೊಂಡು ಕೂರಬಾರದು. ಒಂದೇ ಹಸ್ತಪ್ರತಿಯನ್ನು ಎರಡು ಕಡೆ ಕಳಿಸಿದ್ದರೆ, ಒಂದು ಕಡೆ ಆಯ್ಕೆಯಾದ ದಿನವೇ ಇನ್ನೊಂದು ಕಡೆಗೆ ತಿಳಿಸಿಬಿಡಬೇಕು.

ಹಸ್ತಪ್ರತಿ ಮರಳಿ ಬಂದರೆ ಕುಗ್ಗುವವರಿಗೆ ನಮ್ಮ ಊರಿನದೇ ಒಂದು ಸಂಗತಿ. ಫ.ಗು. ಹಳಕಟ್ಟಿಯವರು ವಚನಗಳ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳಿಸಿದಾಗ ಅದು ಅಚ್ಚಾಗದೆ ಮರಳಿ ಬಂದಿತ್ತು. 1923ರಲ್ಲಿ ಅದು ಅಚ್ಚಾದದ್ದು ಬೆಳಗಾವಿಯಲ್ಲಿ. ಆಮೇಲೆ ಅವರು ಮನೆ ಮಾರಿ ವಿಜಯಪುರದಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯವನ್ನು ಹಾಕಿದರು. ಮನೆ ಮಾರಿ ಎಂದು ಯಾರಿಗೂ ಹೇಳುತ್ತಿಲ್ಲ ಮತ್ತೆ.

ಹಿನ್ನೀರ ದಂಡೆ (ನವನಗರ, ಬಾಗಲಕೋಟೆ)

ಒಂದು ಕೊನೆಯ ಸಂದೇಹ. ತೀರ್ಪುಗಾರರು ಬೆಂಗಳೂರು, ಮೈಸೂರು ಕಡೆಯವರಾಗಿದ್ದರೆ ‘ಹಗೇವು’, ‘ಎರಿ’, ‘ಪಡಸಾಲಿ’ ಎಂಬ ಪದಗಳಿಗೆ ಅಡಿಟಿಪ್ಪಣಿ ಕೊಡಬೇಕೇ? ನನ್ನ ಕವಿತೆಗಳಲ್ಲಿ ಅಮ್ಮನ ಮಾತೆಲ್ಲ ‘ಐತಿ’ಯಲ್ಲಿದೆ, ವಿಜಯಪುರದಿಂದ ಬಂದ ಸೊಸೆಯ ಮಾತು ‘ಅದ’ದಲ್ಲಿದೆ. ಓದಿದವರು ಅದನ್ನು ಅಚ್ಚಿನ ತಪ್ಪೆಂದು ತಿಳಿದಾರೇ ಎಂಬ ಅಳುಕೂ ಇದೆ.

ಗೋಳಗುಮ್ಮಟದ ನೆರಳು (ವಿಜಯಪುರ)

ಅಡಿಟಿಪ್ಪಣಿ ಬೇಡ. ಕವಿತೆಯ ಕೆಳಗೆ ನಕ್ಷತ್ರ ಹಾಕಿ ‘ಹಗೇವು: ಕಾಳು ತುಂಬಿಡುವ ನೆಲದ ಗುಂಡಿ’ ಎಂದು ಬರೆದ ತಕ್ಷಣ ಕವಿತೆ ಪಾಠವಾಗುತ್ತದೆ. ತೀರಾ ಬೇಕಾದರೆ ಕೊನೆಯ ಪುಟದಲ್ಲಿ ಹತ್ತು ಪದಗಳ ಅರ್ಥ ಕೊಡಿ. ‘ಐತಿ’, ‘ಅದ’ಗಳ ವಿಷಯದಲ್ಲಿ ಒಂದೇ ಎಚ್ಚರ: ಒಬ್ಬಳ ಬಾಯಲ್ಲಿ ಒಂದೇ ರೂಪ ಕೊನೆಯವರೆಗೂ ನಿಲ್ಲಲಿ. ಅಮ್ಮ ಒಂದು ಕವಿತೆಯಲ್ಲಿ ‘ಐತಿ’ ಎಂದು ಇನ್ನೊಂದರಲ್ಲಿ ‘ಇದೆ’ ಎಂದರೆ ತಪ್ಪೆಂದು ತಿಳಿಯುತ್ತಾರೆ. ಕೊನೆಯವರೆಗೂ ‘ಐತಿ’ ಎಂದರೆ ಅಮ್ಮನೆಂದು ತಿಳಿಯುತ್ತಾರೆ.

ಮಗ್ಗದ ಮನೆ (ಬನಹಟ್ಟಿ)

ಜೊತೆಗೆ ‘ಆಡುಮಾತಿನ ರೂಪಗಳನ್ನು ತಿದ್ದಬಾರದು’ ಎಂದು ಪ್ರತ್ಯೇಕ ಚೀಟಿಯಲ್ಲಿ ಬರೆದಿಡಿ ಅಕ್ಕಾವರೇ.

ಹಿನ್ನೀರ ದಂಡೆ (ನವನಗರ, ಬಾಗಲಕೋಟೆ)

ಇವತ್ತು ಕಳಿಸಿದೆ. ಒಟ್ಟು 47 ಕವಿತೆಗಳು ಉಳಿದವು. ಪತ್ರಿಕೆಯಲ್ಲಿ ಬಂದವುಗಳಿಗೆ ಅಡ್ಡಿಯಿಲ್ಲವೆಂದು ಸಂಚಾಲಕರು ಮಿಂಚಂಚೆಯಲ್ಲಿಯೇ ತಿಳಿಸಿದರು. ಪ್ರತಿಗಳನ್ನು ಕೊಳ್ಳುವ ಕರಾರು ಇಲ್ಲ, ಕರಡು ತಿದ್ದಲು ಕೊಡುತ್ತೇವೆ ಎಂದೂ ಬರೆದರು. ಹಕ್ಕಿನ ಸಾಲಿಗೆ ಮಾತ್ರ ಉತ್ತರ ಬರಲು ಆರು ದಿನ ಹಿಡಿಯಿತು. ‘ಮೊದಲ ಮುದ್ರಣಕ್ಕೆ ಸೀಮಿತ’ ಎಂದು ನಾನೇ ಶಾಯಿಯಲ್ಲಿ ಬರೆದು ಸಹಿ ಮಾಡಬಹುದೆಂದರು, ಹಾಗೆಯೇ ಮಾಡಿದೆ, ಅದರ ನೆರಳಚ್ಚು ನನ್ನ ಬಳಿ ಇದೆ. ಒಂಬತ್ತು ಗಜಲ್‌ಗಳಲ್ಲಿ ನಾಲ್ಕರ ಮಕ್ತಾವನ್ನು ಹೆಸರಿಲ್ಲದೆ ಮತ್ತೆ ಬರೆದೆ. ಉಳಿದ ಐದು ಹೆಸರು ಕಿತ್ತರೆ ನಿಲ್ಲಲಿಲ್ಲ, ಅವನ್ನು ಬಿಟ್ಟೆ.

ರಿಜಿಸ್ಟರ್ಡ್ ಪೋಸ್ಟ್ ಮಾಡೋಣವೆಂದು ಹೋದರೆ ಅದು 2025ರಲ್ಲಿಯೇ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ ಎಂದು ಕೌಂಟರಿನವರು ಹೇಳಿದರು. ಮೂರು ಪ್ರತಿಗಳ ಕಟ್ಟನ್ನು ತೂಕಕ್ಕೆ ಇಟ್ಟು ‘ಒಳಗ ಏನ್ ಐತ್ರಿ?’ ಎಂದು ಕೇಳಿದರು. ‘ಕಾಗದ್ರೀ’ ಎಂದೆ. ರಸೀದಿಯನ್ನು ತೆಗೆದ ಹದಿನೈದು ಕವಿತೆಗಳ ಫೈಲಿನಲ್ಲಿ ಇಟ್ಟಿದ್ದೇನೆ.